ಬೆರಳಿಟ್ಟು ಮೂರು ನಿಮಿಷ

ಊರಿಗೆ ಹೊರಡುವ ಸಂಜೆ ಯಾರಾದರೊಬ್ಬರು ಪೆನ್‌ಡ್ರೈವ್ ಹಿಡಿದು ನನ್ನ ರೂಮಿಗೆ ಬರುವುದು ಸೌದಿಯ ಜುಬೈಲಿನಲ್ಲಿ ಮಾಮೂಲು. ತಂಗಿಯ ಮದುವೆ ವಿಡಿಯೊ, ಮಕ್ಕಳಿಗೆ ಕಾರ್ಟೂನು, ಅಮ್ಮನಿಗೆ ಹಳೆಯ ರಾಜ್‌ಕುಮಾರ್ ಸಿನಿಮಾ, ಏನೋ ಒಂದು. ನನ್ನದು ಲಿನಕ್ಸ್ ಲ್ಯಾಪ್‌ಟಾಪು. ಎರಡು ಜಿಬಿ ಕಾಪಿಗೆ ಹಾಕಿದರೆ ಪರದೆಯ ಮೇಲಿನ ಪಟ್ಟಿ ಒಂದೇ ಓಟಕ್ಕೆ ನೂರು ಪರ್ಸೆಂಟ್ ಮುಟ್ಟಿಬಿಡುತ್ತದೆ. ‘ಆಯ್ತಲ್ಲ, ತೆಗೀತೇನೆ’ ಎಂದು ಕೈ ಹಾಕುತ್ತಾರೆ. ತಡೀರಿ ಮಾರಾಯ್ರೆ ಎಂದು ನಾನು ಅಡ್ಡ ಬರಬೇಕು. ಕೆಳಗೆ ದಮ್ಮಾಮ್ ಏರ್‌ಪೋರ್ಟಿನ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ, ಇಲ್ಲಿ ಪೆನ್‌ಡ್ರೈವಿನ ದೀಪ ಮಿಣುಕುತ್ತಲೇ ಇರುತ್ತದೆ. ಹೊರತೆಗೆಯುವ ಗುಂಡಿ ಒತ್ತಿದರೆ ಕಂಪ್ಯೂಟರ್ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ.

ನೂರು ಪರ್ಸೆಂಟ್ ಆದದ್ದು ಲ್ಯಾಪ್‌ಟಾಪಿನ ಮೆಮೊರಿಯ ಮಟ್ಟಿಗೆ ಮಾತ್ರ. ಮೆಮೊರಿ ಮಿಂಚಿನ ವೇಗದ್ದು, ಡಿಸ್ಕು ನಿಧಾನದ್ದು, ಪೆನ್‌ಡ್ರೈವಂತೂ ಆಮೆ. ಹಾಗಾಗಿ ಬರೆಯಲು ಕೊಟ್ಟದ್ದನ್ನೆಲ್ಲ ಲಿನಕ್ಸಿನ ತಿರುಳಾದ ಕರ್ನೆಲ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎಂದುಬಿಡುತ್ತದೆ. ನಮ್ಮ ಬೀದಿಯ ಬಕಾಲಾ ಅಂದರೆ ಕಿರಾಣಿ ಅಂಗಡಿಯವನು ಗಿರಾಕಿಗಳ ಗಲಾಟೆಯಲ್ಲಿ ಉದ್ರಿಯನ್ನು ಚೀಟಿಯ ಮೇಲೆ ಗೀಚಿ, ಅಂಗಡಿ ಖಾಲಿಯಾದಾಗ ದೊಡ್ಡ ಪುಸ್ತಕಕ್ಕೆ ಏರಿಸುತ್ತಾನಲ್ಲ, ಅದೇ ಪದ್ಧತಿ. ಮೆಮೊರಿಯಲ್ಲಿ ಬದಲಾಗಿ ಡಿಸ್ಕಿಗೆ ಇನ್ನೂ ಇಳಿಯದ ಮಾಹಿತಿಗೆ ನಮ್ಮ ಕಸುಬಿನವರು ‘ಡರ್ಟಿ’ ಅನ್ನುತ್ತಾರೆ. ಅದನ್ನು ಡಿಸ್ಕಿಗೆ ಇಳಿಸುವುದಕ್ಕೆ ‘ಫ್ಲಷ್’.

ಫ್ಲಷ್ ಮಾಡುವ ಕೆಲಸಗಾರ ಕರ್ನೆಲ್ಲಿನೊಳಗೇ ಇರುತ್ತಾನೆ. ಐದು ಸೆಕೆಂಡಿಗೊಮ್ಮೆ ಎದ್ದು, ಮೂವತ್ತು ಸೆಕೆಂಡಿಗಿಂತ ಹಳೆಯದಾದ ಡರ್ಟಿ ಮಾಹಿತಿಯನ್ನೆಲ್ಲ ಡಿಸ್ಕಿಗೆ ಇಳಿಸುತ್ತಾನೆ. ಈ ಮೂವತ್ತು ಸೆಕೆಂಡು ಹಳೆಯ ಯುನಿಕ್ಸ್ ಕಾಲದಿಂದ ಬಂದ ಆಸ್ತಿ. ಆಗ ‘ಅಪ್‌ಡೇಟ್’ ಎಂಬ ಪುಟ್ಟ ಪ್ರೋಗ್ರಾಮು ಮೂವತ್ತು ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ತಳ್ಳುತ್ತಿತ್ತು. ಲಿನಕ್ಸಿನಲ್ಲಿ ಇನ್ನೆರಡು ಗೆರೆಗಳಿವೆ. ಬಳಕೆಗೆ ಸಿಗುವ ಮೆಮೊರಿಯ ಶೇ 10ರಷ್ಟು ಡರ್ಟಿ ಆದರೆ ಕೆಲಸಗಾರ ವೇಳೆ ನೋಡದೆ ಹಿನ್ನೆಲೆಯಲ್ಲಿ ಬರೆಯತೊಡಗುತ್ತಾನೆ. ಶೇ 20 ಮುಟ್ಟಿದರೆ ಹೊಸದಾಗಿ ಬರೆಯಲು ಬಂದ ಪ್ರೋಗ್ರಾಮನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಲಾಗುತ್ತದೆ. ಕಂಪ್ಯೂಟರ್ ‘ಹ್ಯಾಂಗ್ ಆಯ್ತು’ ಎಂದು ನಾವು ಬೈಯುವ ಎಷ್ಟೋ ಸಂದರ್ಭಗಳು ಈ ಎರಡನೆಯ ಗೆರೆಯ ಮೇಲೆ ನಡೆಯುತ್ತವೆ.

ಇಂಥದ್ದೊಂದು ನನ್ನ ಕೆಲಸದಲ್ಲೇ ನಡೆಯಿತು. ಜುಬೈಲಿನಲ್ಲಿ ಬೇಸಿಗೆಯ ಮಧ್ಯಾಹ್ನ ಅಂದರೆ ಏನೆಂದು ಕಂಡವರಿಗೇ ಗೊತ್ತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಹಗಲು ಹನ್ನೆರಡರಿಂದ ಮೂರರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸೌದಿಯಲ್ಲಿ ನಿಯಮವಿದೆ. ನಾನು ಸರ್ವರ್ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಯಲ್ಲಿ ಹನ್ನೆರಡಕ್ಕೆ ಎಲ್ಲರೂ ಬೆರಳಚ್ಚು ಒತ್ತಿ ಹೊರಗೆ ಹೋಗಬೇಕು, ಮೂರಕ್ಕೆ ಮತ್ತೆ ಒತ್ತಿ ಒಳಗೆ ಬರಬೇಕು. ನೇಪಾಳದವರು, ಬಿಹಾರದವರು, ಭಟ್ಕಳ-ಉಳ್ಳಾಲದ ಕಡೆಯ ನಮ್ಮ ಹುಡುಗರು ಎಲ್ಲರೂ ಗೇಟಿನ ತಗಡಿನ ನೆರಳಲ್ಲಿ ಸಾಲು ನಿಲ್ಲುತ್ತಿದ್ದರು. ಬೆರಳಿಟ್ಟಾಗ ಯಂತ್ರ ಮುಖದ ಒಂದು ಚಿಕ್ಕ ಫೋಟೊ ತೆಗೆದು ಸರ್ವರಿಗೆ ಕಳಿಸುತ್ತದೆ. ಸರ್ವರು ‘ಬರೆದೆ’ ಎಂದ ಮೇಲೆಯೇ ಹಸಿರು ದೀಪ. ಆಗ ಸರ್ವರು ಬರೆದ ಹೊತ್ತೇ ಹಾಜರಿಯ ಹೊತ್ತು. ಕೆಲವು ನಿಮಿಷ ತಡವಾದರೆ ಅರ್ಧ ಗಂಟೆಯ ಕೂಲಿ ಕಟ್.

ಹನ್ನೆರಡಕ್ಕೆ ಏನೂ ತೊಂದರೆ ಇಲ್ಲ. ಮೂರಕ್ಕೆ ಮಾತ್ರ ಯಂತ್ರಗಳು ಕಲ್ಲಾಗುತ್ತಿದ್ದವು. ಬೆರಳಿಟ್ಟರೆ ಮುಕ್ಕಾಲು, ಒಂದು ನಿಮಿಷ ದೀಪವೇ ಹತ್ತದು. ಸಾಫ್ಟ್‌ವೇರ್ ಕೊಟ್ಟವರು ಬಂದು ನೋಡಿ ‘ಮೆಮೊರಿ ಸಾಲದು’ ಎಂದರು. 16 ಜಿಬಿ ಇದ್ದದ್ದು 64 ಜಿಬಿ ಆಯಿತು. ಮರುದಿನದಿಂದ ಯಂತ್ರಗಳು ಮೂರು ನಿಮಿಷ ನಿಲ್ಲತೊಡಗಿದವು.

ಮೆಮೊರಿ ಹೆಚ್ಚಾದ ಮೇಲೆ ಕಾಯುವುದು ಕಡಿಮೆಯಾಗಬೇಕಲ್ಲವೇ? ನನ್ನ ಮ್ಯಾನೇಜರಿಗೂ ಅದೇ ಪ್ರಶ್ನೆ, ಖರ್ಚು ಮಂಜೂರು ಮಾಡಿದವರಿಗಂತೂ ಇನ್ನೂ ದೊಡ್ಡದಾಗಿ ಅದೇ ಪ್ರಶ್ನೆ.

ಮೂರಕ್ಕೆ ಎರಡು ನಿಮಿಷ ಇರುವಾಗ ಸರ್ವರಿನ ಮುಂದೆ ಕೂತರೆ ಕಾಣುತ್ತಿದ್ದದ್ದು ಇಷ್ಟು. ಪ್ರೊಸೆಸರು ಹೆಚ್ಚುಕಡಿಮೆ ಖಾಲಿ, ಆದರೆ ಕೆಲಸದ ಹೊರೆ ತೋರಿಸುವ ಅಂಕಿ ನಲವತ್ತು ದಾಟಿದೆ. ಹಾಜರಿಯ ಪ್ರೋಗ್ರಾಮುಗಳ ಮುಂದೆಲ್ಲ ‘ಡಿ’ ಅಕ್ಷರ. ಆ ಸ್ಥಿತಿಗೆ ಹೋದ ಪ್ರೋಗ್ರಾಮು ಡಿಸ್ಕಿನ ಉತ್ತರಕ್ಕೆ ಕಾದು ಕುಳಿತಿರುತ್ತದೆ, ಕೊಂದರೂ ಸಾಯುವುದಿಲ್ಲ. ಕರ್ನೆಲ್ಲಿನ ಲಾಗ್‌ನಲ್ಲಿ ‘120 ಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆಹಿಡಿಯಲ್ಪಟ್ಟಿದೆ’ ಎಂಬ ಎಚ್ಚರಿಕೆಗಳ ಸಾಲು. ಮೆಮೊರಿಯ ವಿವರ ತೋರಿಸುವ ಫೈಲಿನಲ್ಲಿ ‘ಡರ್ಟಿ’ ಎಂಬ ಸಾಲೊಂದಿದೆ. ಅದನ್ನು ಸೆಕೆಂಡಿಗೊಮ್ಮೆ ತೆರೆದು ನೋಡಿದೆ. ಸುಮಾರು 12 ಜಿಬಿ! ಬೆರಳಚ್ಚಿನ ಫೋಟೊಗಳು ಇಷ್ಟು ಆಗಲು ಸಾಧ್ಯವೇ ಇಲ್ಲ.

ಆ 12 ಜಿಬಿ ಸಿಸಿಟಿವಿಯದು. ಮಧ್ಯಾಹ್ನ ಸೈಟು ಖಾಲಿ ಇರುತ್ತದೆ, ನೆಟ್‌ವರ್ಕೂ ಖಾಲಿ ಎಂದು ಯಾರೋ ಬುದ್ಧಿವಂತರು ಕ್ಯಾಮೆರಾ ದೃಶ್ಯಗಳನ್ನು ಇದೇ ಸರ್ವರಿನ ಇದೇ ಡಿಸ್ಕುಗಳಿಗೆ ಕಾಪಿ ಮಾಡುವ ಕೆಲಸವನ್ನು ಎರಡು ಗಂಟೆಗೆ ಇಟ್ಟಿದ್ದರು. ನೆಟ್‌ವರ್ಕಿನಿಂದ ಸೆಕೆಂಡಿಗೆ 110 ಎಂಬಿ ಒಳಬರುತ್ತಿತ್ತು, ಡಿಸ್ಕುಗಳು ಇಳಿಸಿಕೊಳ್ಳುತ್ತಿದ್ದದ್ದು ಹೆಚ್ಚೆಂದರೆ 60. ಉಳಿದದ್ದು ಮೆಮೊರಿಯಲ್ಲಿ ರಾಶಿ. ಶೇ 20ರ ಗೆರೆ 16 ಜಿಬಿಗೆ ಸುಮಾರು 3 ಜಿಬಿ, 64 ಜಿಬಿಗೆ ಸುಮಾರು 12. ಮೂರು ಜಿಬಿಯನ್ನು 60 ಎಂಬಿ ವೇಗದಲ್ಲಿ ಇಳಿಸಲು 50 ಸೆಕೆಂಡು, ಹನ್ನೆರಡಕ್ಕೆ 200 ಸೆಕೆಂಡು. ಹೊಸ ಮೆಮೊರಿ ಡಿಸ್ಕಿನ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸಲಿಲ್ಲ. ಸಾಲ ಮಾಡುವ ಮಿತಿಯನ್ನು ಮಾತ್ರ ನಾಲ್ಕು ಪಟ್ಟು ಮಾಡಿತು.

ಆದರೆ ಸಿಸಿಟಿವಿಯ ರಾಶಿಗೂ ಹಾಜರಿಯ ಪುಟ್ಟ ಫೋಟೊಗೂ ಏನು ಸಂಬಂಧ? ಹಾಜರಿಯೆಂದರೆ ಕೂಲಿ, ಕರೆಂಟು ಹೋದರೆ ಅಳಿಯಬಾರದು. ಆದ್ದರಿಂದ ಆ ಪ್ರೋಗ್ರಾಮು ಪ್ರತಿ ಫೋಟೊಗೂ ‘ಎಫ್‌ಸಿಂಕ್’ ಎಂಬ ಕರೆ ಕಳಿಸುತ್ತಿತ್ತು: ಮೆಮೊರಿಯಲ್ಲಿಟ್ಟರೆ ಸಾಲದು, ಡಿಸ್ಕಿಗೆ ಇಳಿಸಿಯೇ ಉತ್ತರ ಕೊಡು ಎಂದು. ಸರಿಯಾದ ಬೇಡಿಕೆಯೇ. ಡಿಸ್ಕಿನಲ್ಲಿ ಇದ್ದದ್ದು ಎಕ್ಸ್‌ಟಿ3 ಎಂಬ ಹಳೆಯ ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಅದರ ಮಾಮೂಲಿ ಕ್ರಮದಲ್ಲಿ ಒಂದು ಫೈಲನ್ನು ಖಾತ್ರಿಪಡಿಸಬೇಕಾದರೆ ಅದೇ ಕಂತಿನಲ್ಲಿ ಸೇರಿಕೊಂಡ ಬೇರೆಲ್ಲ ಫೈಲುಗಳ ಹೊಸ ಮಾಹಿತಿಯೂ ಮೊದಲು ಡಿಸ್ಕಿಗೆ ಇಳಿಯಬೇಕು. ಹತ್ತಿಪ್ಪತ್ತು ಕೆಬಿಯ ಫೋಟೊ ಹನ್ನೆರಡು ಜಿಬಿಯ ಹಿಂದೆ ನಿಂತದ್ದು ಹೀಗೆ. 2008ರಲ್ಲಿ ಫೈರ್‌ಫಾಕ್ಸ್ 3 ಬಂದಾಗ ಎಷ್ಟೋ ಲಿನಕ್ಸ್ ಬಳಕೆದಾರರು ಇದೇ ಏಟು ತಿಂದಿದ್ದರು. ಬ್ರೌಸರು ತನ್ನ ಹಿಸ್ಟರಿಯನ್ನು ಬರೆದಿಡಲು ಆಗಾಗ ಎಫ್‌ಸಿಂಕ್ ಕರೆಯುತ್ತಿತ್ತು, ಹಿಂದೆ ಯಾವುದಾದರೂ ದೊಡ್ಡ ಕಾಪಿ ನಡೆಯುತ್ತಿದ್ದರೆ ಪೇಜು ತೆರೆಯಲು ಹೋದವರ ಬ್ರೌಸರೇ ಸೆಟೆದುಕೊಳ್ಳುತ್ತಿತ್ತು.

ನಾವು ಮೊದಲು ಮಾಡಿದ್ದು ಅತಿ ಸರಳ. ಶೇಕಡಾ ಲೆಕ್ಕ ತೆಗೆದು ಹಾಕಿ, 64 ಎಂಬಿ ಡರ್ಟಿ ಆದೊಡನೆ ಬರೆಯಲು ಶುರು ಮಾಡು, 256 ಎಂಬಿ ಆದರೆ ಬಂದವರನ್ನು ತಡೆ ಎಂದು ಕರ್ನೆಲ್ಲಿಗೆ ನೇರವಾಗಿ ಬೈಟ್ ಲೆಕ್ಕದಲ್ಲೇ ಹೇಳಿದೆವು. 256 ಎಂಬಿ ಇಳಿಯಲು ನಾಲ್ಕೈದು ಸೆಕೆಂಡು ಸಾಕು. ಸಿಸಿಟಿವಿ ಕಾಪಿ ಮುಗಿಯುವ ಹೊತ್ತು ಬದಲಾಗಲಿಲ್ಲ, ಏಕೆಂದರೆ ಅದು ಮೊದಲೂ ಡಿಸ್ಕಿನ ವೇಗದಲ್ಲೇ ಮುಗಿಯುತ್ತಿದ್ದದ್ದು. ಮೆಮೊರಿಯಲ್ಲಿ ರಾಶಿ ಬಿದ್ದು ವೇಗದಂತೆ ಕಾಣುತ್ತಿತ್ತು, ಅಷ್ಟೆ.

2013ರಲ್ಲಿ ಲಿನಕ್ಸ್ ಕರ್ನೆಲ್ ಬರೆಯುವವರ ನಡುವೆಯೇ ಈ ಪೆನ್‌ಡ್ರೈವ್ ಪೀಡೆಯ ಚರ್ಚೆ ಎದ್ದಿತ್ತು. ಈ ಕಾಲದ ಮೆಮೊರಿಗೆ ಶೇಕಡಾ ಲೆಕ್ಕ ಹೊಂದುವುದಿಲ್ಲ ಎಂದು ಲಿನಸ್ ಟೋರ್ವಾಲ್ಡ್ಸ್ ಕೂಡ ಒಪ್ಪಿಕೊಂಡರು. ಆದರೂ ಶೇ 10, ಶೇ 20 ಹಾಗೇ ಉಳಿದಿವೆ. ಎಲ್ಲರಿಗೂ ಹೊಂದುವ ಇನ್ನೊಂದು ಅಂಕಿ ಯಾವುದೆಂದು ಒಮ್ಮತ ಬರುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ.

ಗೆರೆ ಮುಟ್ಟಿದ ಮೇಲೆ ತಡೆಯುವ ಬಗೆ ಮಾತ್ರ ಬದಲಾಗಿದೆ. ಅದರ ಶ್ರೇಯಸ್ಸು ಆಗ ಇಂಟೆಲ್‌ನಲ್ಲಿದ್ದ ಚೀನಾದ ಎಂಜಿನಿಯರ್ ವೂ ಫೆಂಗ್‌ಗ್ವಾಂಗ್ ಅವರದು. ಮೊದಲು ಮಿತಿ ಮೀರಿದ ಪ್ರೋಗ್ರಾಮನ್ನೇ ಹಿಡಿದು ‘ನೀನೇ ಡಿಸ್ಕಿಗೆ ಬರಿ’ ಎಂದು ಕೂಡಿಸುತ್ತಿದ್ದರು. ಹತ್ತು ಪ್ರೋಗ್ರಾಮುಗಳು ಹತ್ತು ಕಡೆ ಬರೆಯಲು ಹೊರಟರೆ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡಿಯೇ ಸುಸ್ತು. 2012ರ ಜನವರಿಯಲ್ಲಿ ಬಂದ 3.2 ಆವೃತ್ತಿಯಿಂದ ಬರೆಯುವ ಕೆಲಸ ಕರ್ನೆಲ್ಲಿನ ಕೆಲಸಗಾರನದ್ದೇ. ಪ್ರೋಗ್ರಾಮು ಸುಮ್ಮನೆ ಚೂರು ಹೊತ್ತು ಮಲಗಿ ಏಳಬೇಕು, ಒಂದು ಸಲಕ್ಕೆ ಹೆಚ್ಚೆಂದರೆ 200 ಮಿಲಿಸೆಕೆಂಡು. ಡಿಸ್ಕು ಎಷ್ಟು ವೇಗದಲ್ಲಿ ಇಳಿಸಿಕೊಳ್ಳುತ್ತಿದೆ ಎಂದು ಅಳೆಯುತ್ತ, ಅದಕ್ಕೆ ತಕ್ಕಂತೆ ನಿದ್ದೆಯನ್ನು ಹಂಚುತ್ತಾರೆ. ಎರಡು ಗೆರೆಗಳ ನಡುವೆಯೇ ಇದು ಶುರುವಾಗುತ್ತದೆ. ಮೂರು ನಿಮಿಷ ಒಟ್ಟಿಗೆ ನಿಲ್ಲಿಸುವುದರ ಬದಲು ಕಣ್ಣಿಗೆ ಕಾಣದಷ್ಟು ಚಿಕ್ಕ ತಡೆಗಳನ್ನು ಮೊದಲಿನಿಂದಲೇ ಹರಡುವುದು. ಈ ಇಡೀ ಶಾಸ್ತ್ರದಲ್ಲಿ ನನಗೆ ಮೆಚ್ಚುಗೆಯಾದ ಒಂದೇ ಉಪಾಯ ಹೇಳು ಎಂದರೆ ಇದನ್ನೇ ಹೇಳುತ್ತೇನೆ.

ಇದೇ ತೊಂದರೆ ದೈತ್ಯ ಯಂತ್ರಗಳಿಗೂ ಇದೆ. ನಮ್ಮ ಪರ್ಷಿಯನ್ ಕೊಲ್ಲಿಯ ದಡದಿಂದ ಮರುಭೂಮಿ ದಾಟಿ ಆಚೆ ಹೋದರೆ ಕೆಂಪು ಸಮುದ್ರದ ದಡದಲ್ಲಿ, ಜಿದ್ದಾದ ಉತ್ತರಕ್ಕೆ, ತುವಲ್ ಎಂಬ ಮೀನುಗಾರರ ಊರಿದೆ. ಅಲ್ಲಿ 2009ರಲ್ಲಿ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಶುರುವಾಯಿತು. ಕೌಸ್ಟ್ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ 2015ರಲ್ಲಿ ಬಂದ ಶಾಹೀನ್-2 ಎಂಬ ಸೂಪರ್ ಕಂಪ್ಯೂಟರು ಆ ವರ್ಷದ ವಿಶ್ವ ಪಟ್ಟಿಯಲ್ಲಿ ಏಳನೆಯದು. ಕ್ರೇ ಎಕ್ಸ್‌ಸಿ40 ಮಾದರಿ, ನೋಡ್ ಎಂಬ ಬಿಡಿ ಕಂಪ್ಯೂಟರುಗಳು 6,174, ಸುಮಾರು ಎರಡು ಲಕ್ಷ ಕೋರ್‌ಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ ವರ್ಷ ಬಂದ ಸಹಸ್ರಟಿ ಕೂಡ ಇದೇ ಮಾದರಿಯದು, ಗಾತ್ರದಲ್ಲಿ ತಮ್ಮ.

ನನ್ನ ಗೇಟಿನ ತೊಂದರೆಯನ್ನು ದೈತ್ಯಾಕಾರದಲ್ಲಿ ನೋಡಬೇಕೆಂದರೆ ಶಾಹೀನ್‌ನ ಅಂಕಿಗಳನ್ನೇ ನೋಡಬೇಕು. ಇಷ್ಟು ದೊಡ್ಡ ಯಂತ್ರದಲ್ಲಿ ಯಾವ ಗಳಿಗೆಯಲ್ಲಿ ಯಾವ ನೋಡ್ ಕೈಕೊಡುತ್ತದೋ ಹೇಳಲಾಗದು. ಆದ್ದರಿಂದ ದೊಡ್ಡ ಲೆಕ್ಕಗಳು ಆಗಾಗ ನಿಂತು, ಮೆಮೊರಿಯಲ್ಲಿರುವ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮುಂದೆ ಹೋಗುತ್ತವೆ. ಶಾಹೀನ್-2ರ ಮೆಮೊರಿ 790 ಟಿಬಿ ಇತ್ತು. ಅದರ ಲಸ್ಟರ್ ಎಂಬ ಫೈಲ್‌ಸಿಸ್ಟಮ್ 17.6 ಪೆಟಾಬೈಟಿನದು, ಸೆಕೆಂಡಿಗೆ ಸುಮಾರು 500 ಜಿಬಿ ಬರೆಯಬಲ್ಲದಾಗಿತ್ತು. ಮೆಮೊರಿಯೆಲ್ಲವನ್ನೂ ಇಳಿಸಬೇಕಾದರೆ? 26 ನಿಮಿಷ. ಅಷ್ಟು ಹೊತ್ತು ಎರಡು ಲಕ್ಷ ಕೋರ್‌ಗಳು ಕೈಕಟ್ಟಿ ಕೂರಬೇಕಿತ್ತು. ಇದಕ್ಕೆಂದೇ ನಡುವೆ ಒಂದೂವರೆ ಪೆಟಾಬೈಟಿನ ಎಸ್‌ಎಸ್‌ಡಿ ಪದರ ಇಟ್ಟರು, ವೇಗ ಸೆಕೆಂಡಿಗೆ ಒಂದೂವರೆ ಟಿಬಿ. 26 ನಿಮಿಷ ಒಂಬತ್ತಕ್ಕೆ ಇಳಿಯಿತು. ಲೆಕ್ಕ ಮುಂದೆ ಓಡುತ್ತಿತ್ತು, ಎಸ್‌ಎಸ್‌ಡಿಯಿಂದ ಡಿಸ್ಕಿಗೆ ಮಾಹಿತಿ ಹಿಂದಿನಿಂದ ಹರಿಯುತ್ತಿತ್ತು. ಸೌದಿ ಅರಾಮ್ಕೊ ಮತ್ತು ಕೌಸ್ಟ್ ಸೇರಿ ಒಂದು ಲಕ್ಷ ಕೋಟಿ ಕೋಶಗಳ ತೈಲನಿಕ್ಷೇಪ ಲೆಕ್ಕವನ್ನು ಓಡಿಸಿದ್ದು ಈ ಯಂತ್ರದ ಮೇಲೆಯೇ, 2017ರಲ್ಲಿ.

ಲಸ್ಟರಿನಲ್ಲಿ ಇನ್ನೊಂದು ಬಿಗಿಯಿದೆ. ಪ್ರತಿ ನೋಡ್ ತನ್ನ ಮೆಮೊರಿಯಲ್ಲಿ ಡರ್ಟಿ ಮಾಹಿತಿ ಇಟ್ಟುಕೊಳ್ಳಬಹುದು, ಆದರೆ ಪ್ರತಿ ಡಿಸ್ಕ್ ಗುಂಪಿಗೆ ಇಷ್ಟೇ ಎಂಬಿ ಎಂದು ಮಿತಿ ಹಾಕಿರುತ್ತಾರೆ. ಶೇಕಡಾ ಅಲ್ಲ. ಒಂದು ನೋಡ್ ಹಿಡಿದಿಟ್ಟ ಫೈಲಿನ ಭಾಗವನ್ನು ಇನ್ನೊಂದು ನೋಡ್ ಕೇಳಿದರೆ, ಮೊದಲನೆಯದು ತನ್ನ ಡರ್ಟಿ ಮಾಹಿತಿಯನ್ನು ಇಳಿಸಿ ಬೀಗ ಬಿಟ್ಟುಕೊಡಬೇಕು. ಗಡುವಿನೊಳಗೆ ಬಿಡದಿದ್ದರೆ ಸರ್ವರು ಅದನ್ನು ಹೊರಗೆ ಹಾಕುತ್ತದೆ, ಇಳಿಸದೇ ಉಳಿದದ್ದು ಹೋಯಿತು. ಸಾವಿರಾರು ನೋಡ್‌ಗಳಲ್ಲಿ ಒಂದರ ಸೋಮಾರಿತನಕ್ಕೆ ಉಳಿದವರು ಕಾಯಲಾರರು.

ಮತ್ತೆ ಗೇಟಿಗೆ ಬರುತ್ತೇನೆ. ಕೆಲವು ವರ್ಷ ಸುಮ್ಮನಿತ್ತು. ಹೊಸ ಸರ್ವರು ಬಂತು, ಎಕ್ಸ್‌ಟಿ3 ಹೋಗಿ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಬಂತು, ಸಿಸಿಟಿವಿ ಬೇರೆ ಡಿಸ್ಕಿಗೆ ಹೋಯಿತು. ಆಮೇಲೊಂದು ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಯಂತ್ರಗಳು ಮತ್ತೆ ಕಲ್ಲು. ಡರ್ಟಿ ಸಾಲು ನೋಡಿದೆ: ಹತ್ತಿಪ್ಪತ್ತು ಎಂಬಿ, ಅಷ್ಟೇ. ಇದು ಬೇರೆಯೇ ಭೂತ.

ಇಲ್ಲಿ ಐನೋಡ್ ಬಗ್ಗೆ ಹೇಳಲೇಬೇಕು. ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಒಂದು ಚಿಕ್ಕ ದಾಖಲೆ ಇರುತ್ತದೆ: ಯಾರದು, ಎಷ್ಟು ದೊಡ್ಡದು, ಯಾವಾಗ ಬದಲಾಯಿತು, ಡಿಸ್ಕಿನ ಯಾವ ಜಾಗದಲ್ಲಿದೆ. ಇದೇ ಐನೋಡ್. ಫೈಲಿನ ಹೆಸರು ಮಾತ್ರ ಇದರಲ್ಲಿ ಇರುವುದಿಲ್ಲ, ಅದು ಫೋಲ್ಡರಿನಲ್ಲಿರುತ್ತದೆ. ಎಕ್ಸ್‌ಎಫ್‌ಎಸ್‌ನಲ್ಲಿ ಒಂದು ಐನೋಡ್ 512 ಬೈಟು, ಈ ಪ್ಯಾರಾಗ್ರಾಫಿಗಿಂತಲೂ ಚಿಕ್ಕದು. ಫೈಲಿನ ಒಳಗೆ ಒಂದು ಅಕ್ಷರವೂ ಬದಲಾಗದೆ ಐನೋಡ್ ಡರ್ಟಿ ಆಗಬಹುದು. ನಮ್ಮಲ್ಲಿ ಆದದ್ದೂ ಅದೇ. ಬ್ಯಾಕಪ್ ನೋಡುವವರು ಹಾಜರಿ ಫೋಟೊಗಳ ಮಾಲೀಕನ ಹೆಸರು ಬದಲಿಸುವ ಆಜ್ಞೆಯನ್ನು ಇಡೀ ಫೋಲ್ಡರಿಗೆ ಕೊಟ್ಟಿದ್ದರು. ವರ್ಷಗಟ್ಟಲೆ ಕೂಡಿಬಿದ್ದ ಸುಮಾರು ಇಪ್ಪತ್ತು ಲಕ್ಷ ಫೋಟೊಗಳು, ಇಪ್ಪತ್ತು ಲಕ್ಷ ಡರ್ಟಿ ಐನೋಡ್‌ಗಳು.

ಒಟ್ಟು ತೂಕ ಲೆಕ್ಕ ಹಾಕಿದರೆ ಒಂದು ಜಿಬಿ ಮಾತ್ರ. ಸಾಲಾಗಿ ಬರೆದರೆ ಹತ್ತಿಪ್ಪತ್ತು ಸೆಕೆಂಡಿನ ಕೆಲಸ. ಆದರೆ ಐನೋಡ್‌ಗಳು ಡಿಸ್ಕಿನ ತುಂಬ ಚದುರಿರುತ್ತವೆ. ತಿರುಗುವ ಡಿಸ್ಕು ಸೆಕೆಂಡಿಗೆ ನೂರಿಪ್ಪತ್ತು ಬೇರೆ ಬೇರೆ ಜಾಗಗಳಿಗೆ ಹೋಗಬಲ್ಲದು ಅನ್ನೋಣ. ಒಂದೊಂದನ್ನೇ ಬರೆದರೆ ನಾಲ್ಕೂವರೆ ಗಂಟೆ. ಎಕ್ಸ್‌ಎಫ್‌ಎಸ್ ಅಷ್ಟು ದಡ್ಡನಲ್ಲ. ಅಕ್ಕಪಕ್ಕದ 32 ಐನೋಡ್‌ಗಳ ಗುಂಪನ್ನು ಒಟ್ಟಿಗೆ ಬರೆಯುತ್ತದೆ. ತೊಂದರೆ ಎಲ್ಲಿತ್ತೆಂದರೆ, ಗುಂಪಿನಲ್ಲಿ ಬದಲಾಗದ ಐನೋಡ್‌ಗಳೂ ಇರುವುದರಿಂದ ಬರೆಯುವ ಮೊದಲು ಆ ಗುಂಪು ಮೆಮೊರಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಡಿಸ್ಕಿನಿಂದ ಮತ್ತೆ ಓದಿ ತರಬೇಕು. ಮೆಮೊರಿ ತುಂಬಿದಾಗ ಕರ್ನೆಲ್ ಮೊದಲು ಎಸೆಯುತ್ತಿದ್ದದ್ದು ಇಂಥ ಗುಂಪುಗಳನ್ನೇ. ಆಮೇಲೆ ಐನೋಡ್ ಬರೆಯಲು ಹೋಗಿ, ಗುಂಪು ಇಲ್ಲವೆಂದು ಓದಲು ಕಾಯುವುದು. ಮೆಮೊರಿ ಬಿಡಿಸಿಕೊಳ್ಳುವುದಕ್ಕೇ ಮೆಮೊರಿ ಬೇಕು. ಇದಕ್ಕಿಂತ ಕೆಟ್ಟದ್ದು, ಈ ಬರೆಯುವಿಕೆಗೆ ಕಾಯಬೇಕಾದ್ದು ಆ ಗಳಿಗೆಯಲ್ಲಿ ಮೆಮೊರಿ ಕೇಳಿದ ಯಾರೋ ಪಾಪದವರು. ಮಾಲೀಕನ ಹೆಸರು ಬದಲಿಸಿದ ಪ್ರೋಗ್ರಾಮು ಮುಗಿದು ಮನೆಗೆ ಹೋಗಿಯಾಗಿತ್ತು. ಕಾಯುತ್ತಿದ್ದದ್ದು ಹೊಸ ಬೆರಳಚ್ಚಿಗೆ ನಾಲ್ಕು ಕೆಬಿ ಮೆಮೊರಿ ಕೇಳಿದ ಹಾಜರಿಯ ಪ್ರೋಗ್ರಾಮು.

ಇದನ್ನು ಸರಿಪಡಿಸಿದವರು ಆಸ್ಟ್ರೇಲಿಯಾದ ಡೇವ್ ಚಿನ್ನರ್, ಎಕ್ಸ್‌ಎಫ್‌ಎಸ್ ಬರೆಯುವವರಲ್ಲಿ ಹಳಬರು. 2020ರ ಅಕ್ಟೋಬರಿನಲ್ಲಿ ಹೊರಬಂದ 5.9 ಕರ್ನೆಲ್ಲಿನಲ್ಲಿ ಅವರ ಬದಲಾವಣೆಗಳು ಸೇರಿದವು. ಒಂದು ಐನೋಡ್ ಮೊದಲ ಸಲ ಡರ್ಟಿ ಆಗುವ ಗಳಿಗೆಯಲ್ಲೇ ಅದರ ಗುಂಪನ್ನು ಮೆಮೊರಿಗೆ ತಂದು ಕಟ್ಟಿಹಾಕುತ್ತಾರೆ. ಓದುವ ಖರ್ಚು ಬದಲಿಸಿದವನ ತಲೆಗೇ ಬೀಳುತ್ತದೆ. ಆಮೇಲೆ ಫ್ಲಷ್ ಮಾಡುವವನು ಏನನ್ನೂ ಓದಬೇಕಿಲ್ಲ, ಬರೆದರೆ ಮುಗಿಯಿತು. ಮೆಮೊರಿ ಬಿಡಿಸುವವನು ಡರ್ಟಿ ಐನೋಡ್ ಕಂಡರೆ ಅದಕ್ಕೆ ಕಾಯದೆ ಪಕ್ಕಕ್ಕೆ ಸರಿದು, ಶುದ್ಧವಾಗಿರುವುದನ್ನು ಹುಡುಕಿಕೊಂಡು ಹೋಗುತ್ತಾನೆ. ಬರೆಯುವುದು ಬರೆಯುವವನ ಪಾಲಿಗೆ, ಬಿಡಿಸುವುದು ಬಿಡಿಸುವವನ ಪಾಲಿಗೆ. ಕೇಳಿದರೆ ಇಷ್ಟೇನಾ ಅನಿಸುತ್ತದೆ. 1994ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಯಂತ್ರಗಳಲ್ಲಿ ಬಳಕೆಗೆ ಬಂದ ಫೈಲ್‌ಸಿಸ್ಟಮಿಗೆ ಇದು ಸೇರಲು ಕಾಲು ಶತಮಾನ ಹಿಡಿಯಿತು.

ನಾವು 5.14 ಕರ್ನೆಲ್ ಇರುವ ಆವೃತ್ತಿಗೆ ಹೋದೆವು. ಫೋಟೊಗಳನ್ನು ಬಿಡಿ ಫೈಲುಗಳಾಗಿ ಇಡುವುದು ಬಿಟ್ಟು ದಿನಕ್ಕೊಂದು ದೊಡ್ಡ ಫೈಲಿಗೆ ಸೇರಿಸಿದೆವು, ದಿನಕ್ಕೆ ಹುಟ್ಟುವ ಸಾವಿರಾರು ಐನೋಡ್‌ಗಳ ಬದಲು ಒಂದು. ಓದಿದಾಗಲೆಲ್ಲ ಫೈಲಿನ ‘ಕೊನೆಯದಾಗಿ ಓದಿದ ಹೊತ್ತು’ ಬರೆದಿಡುವ ಚಾಳಿಯನ್ನೂ ನಿಲ್ಲಿಸಿದೆವು. ಫೈಲನ್ನು ಓದಿದ್ದಕ್ಕೇ ಐನೋಡ್ ಡರ್ಟಿ ಮಾಡುವ ಈ ಪುರಾತನ ಪದ್ಧತಿಯನ್ನು ಲಿನಕ್ಸ್ 2009ರಿಂದಲೇ ಬಹುಮಟ್ಟಿಗೆ ಸಡಿಲಿಸಿದೆ, ಪೂರ್ತಿ ಬಿಟ್ಟಿಲ್ಲ.

ಕೂಲಿ ಕಡಿತದ ಮಾತು ಉಳಿಯಿತು. ಬೆರಳಿಟ್ಟ ಹೊತ್ತು ಯಂತ್ರದ ಒಳಗೇ ದಾಖಲಾಗಿರುತ್ತದೆ, ಸರ್ವರು ಬರೆದ ಹೊತ್ತು ಬೇರೆ. ಸಿಸಿಟಿವಿ ಗಲಾಟೆಯ ವರ್ಷ ಎರಡನ್ನೂ ಪಕ್ಕಪಕ್ಕ ಇಟ್ಟು ಪಟ್ಟಿ ಮಾಡಿ ಹಾಜರಿ ವಿಭಾಗಕ್ಕೆ ಕೊಟ್ಟೆ. ಬಹಳ ಓಡಾಟದ ಮೇಲೆ ಹಾಜರಿಯ ಹೊತ್ತು ಅಂದರೆ ಬೆರಳಿಟ್ಟ ಹೊತ್ತು ಎಂದು ಸಾಫ್ಟ್‌ವೇರು ಬದಲಾಯಿತು. ಆಗಸ್ಟ್, ಸೆಪ್ಟೆಂಬರಿನ ಕಡಿತಗಳು ಮುಂದಿನ ಸಂಬಳದಲ್ಲಿ ವಾಪಸ್ ಬಂದವು. ಯಂತ್ರದ ಮೆಮೊರಿ ಚಿಕ್ಕದು, ತುಂಬಿದಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಜೂನ್, ಜುಲೈಯ ದಾಖಲೆಗಳು ಅದರಲ್ಲಿ ಇರಲಿಲ್ಲ. ಆ ದುಡ್ಡು ಬರಲಿಲ್ಲ.